ಸೆಮಿನಾರ್ ಅಂದ್ರೆ ಕೈಕಾಲು ನಡುಗ್ತಾವ್ರಿ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಮಸ್ಕಾರ. ನನ್ನದು ಯಾದಗಿರಿ ಹತ್ತಿರದ ಹಳ್ಳಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಈಗ ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಹೋದ ತಿಂಗಳು ಬಾಟನಿ ಸೆಮಿನಾರ್ ಇತ್ತು. ಇಂಗ್ಲಿಷ್‌ನಲ್ಲಿ ಆರು ಪುಟ ಬರೆದು, ಎರಡು ವಾರ ಬಾಯಿಪಾಠ ಮಾಡಿದ್ದೆ. ಮುಂದೆ ಹೋಗಿ ನಿಂತು ನಾಲ್ಕು ವಾಕ್ಯ ಹೇಳಿದೆ. ಆಮೇಲೆ ಏನೂ ನೆನಪಾಗಲಿಲ್ಲ. ಬಾಯಿ ಒಣಗಿತು, ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು. ಹಿಂದಿನ ಬೆಂಚಿನವರು ನಕ್ಕರು. ಅಳುತ್ತಾ ಹೊರಗೆ ಬಂದೆ. ಇನ್ನು 18 ದಿನಕ್ಕೆ ಮತ್ತೊಂದು ಸೆಮಿನಾರ್ ಇದೆ. ವಿಷಯ ತೊಗರಿ ಗಿಡ ಒಣಗಿಸುವ ನೆಟೆ ರೋಗ, ಹತ್ತು ನಿಮಿಷ. ಇಂಟರ್ನಲ್ ಮಾರ್ಕ್ಸ್ ಇದೆ. ಈಗಿನಿಂದಲೇ ಸರಿಯಾಗಿ ನಿದ್ದೆ ಬರುತ್ತಿಲ್ಲ. ಗೆಳತಿಯೊಬ್ಬಳು ಅವರ ಮನೆಯಲ್ಲಿ ಬಿಪಿಗೆ ತಗೊಳ್ಳುವ ಗುಳಿಗೆ ನುಂಗಿದರೆ ನಡುಕ ನಿಲ್ಲುತ್ತದೆ ಅಂತಾಳೆ. ತಗೋಬಹುದಾ? ಮುಂದೆ ಬಿ.ಎಡ್. ಮಾಡಿ ಟೀಚರ್ ಆಗಬೇಕು ಅಂತ ಆಸೆ. ನನ್ನಂಥವಳಿಗೆ ಅದು ಆಗುತ್ತಾ ಸರ್?

ಉತ್ತರ: ತಂಗಿ, ನೀನು ಅಂತಲೇ ಬರೆಯುತ್ತೇನೆ. ಇಪ್ಪತ್ತನಾಲ್ಕು ವರ್ಷ ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡಿದವನು, ಅವರ ಸೆಮಿನಾರ್ ಕೇಳುತ್ತಾ ಕೂತವನು. ಕ್ಲಾಸಿನ ಅಭ್ಯಾಸ ಬಿಡೋದಿಲ್ಲ.

ಗುಳಿಗೆಯ ಮಾತು ಮೊದಲೇ ಮುಗಿಸಿಬಿಡುತ್ತೇನೆ. ತಗೋಬೇಡ. ಬಿಪಿ ಗುಳಿಗೆ ಅಂದರೆ ಒಂದೇ ಗುಳಿಗೆಯಲ್ಲ, ಹತ್ತಾರು ಬಗೆ ಇವೆ. ನಿನ್ನ ಗೆಳತಿ ಕೇಳಿಸಿಕೊಂಡಿರುವುದು ಬಹುಶಃ ಪ್ರೊಪ್ರನೊಲಾಲ್ ಬಗ್ಗೆ. ಅದು ಎದೆಬಡಿತ, ಕೈನಡುಕ ತಗ್ಗಿಸುತ್ತದೆ ಅನ್ನೋದು ನಿಜ. ವೈದ್ಯರು ಕೆಲವರಿಗೆ ನೋಡಿ, ಕೇಳಿ ಬರೆದುಕೊಡುತ್ತಾರೆ. ಆದರೆ ಅಸ್ತಮಾ ಇರುವವರಿಗೆ ಅದು ಅಪಾಯ. ನಾಡಿ ತೀರಾ ಇಳಿದು ತಲೆ ಸುತ್ತಬಹುದು. ಅವರ ಮನೆಯಲ್ಲಿ ಇರೋದು ಬೇರೆಯೇ ಗುಳಿಗೆ ಆಗಿದ್ದರೆ ನಡುಕವೂ ನಿಲ್ಲೋದಿಲ್ಲ, ಬಿಪಿ ಮಾತ್ರ ಇಳಿಯುತ್ತದೆ. ಸೆಮಿನಾರ್ ದಿನ ಕರಿಹಲಗೆ ಮುಂದೆ ತಲೆ ಸುತ್ತಿ ಬೀಳೋದು ಯಾರಿಗೆ ಬೇಕು?

ನಿನ್ನ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. 'ಆರು ಪುಟ ಬಾಯಿಪಾಠ ಮಾಡಿದ್ದೆ' ಅಂತ ಬರೆದಿದ್ದೀಯ. ಅದರ ಕೆಳಗೇ 'ನಾಲ್ಕು ವಾಕ್ಯ ಹೇಳಿದೆ, ಆಮೇಲೆ ಏನೂ ನೆನಪಾಗಲಿಲ್ಲ' ಅಂತಿದೆ. ನಿನ್ನನ್ನು ಬೀಳಿಸಿದ್ದು ಹೆದರಿಕೆ ಅಂತ ನೀನು ತಿಳಿದಿದ್ದೀಯ. ನನ್ನ ಲೆಕ್ಕದಲ್ಲಿ ಬೀಳಿಸಿದ್ದು ಬಾಯಿಪಾಠ. ಹೆದರಿಕೆ ಹಿಂದಿನಿಂದ ಸಣ್ಣದೊಂದು ತಳ್ಳು ಕೊಟ್ಟಿತು ಅಷ್ಟೆ.

ಯಾರನ್ನಾದರೂ ಹಿಡಿದು ಹದಿಮೂರೇಳು ಎಷ್ಟು ಅಂತ ಕೇಳಿ ನೋಡು. ಬಹಳ ಜನ ತುಟಿ ಅಲ್ಲಾಡಿಸುತ್ತಾ ಹದಿಮೂರೊಂದಲಿಂದ ಶುರು ಮಾಡುತ್ತಾರೆ. ಬಾಯಿಪಾಠ ಇರುವುದೇ ಹಾಗೆ. ಒಂದು ಮಾತು ಮುಂದಿನ ಮಾತನ್ನು ಎಳೆದು ತರುತ್ತದೆ. ನಡುವೆ ಒಂದು ಕೊಂಡಿ ಕಳಚಿತೋ, ಮುಂದಿನದೆಲ್ಲ ಕತ್ತಲೆ. ಅದರ ಮೇಲೆ ಆ ಆರು ಪುಟ ಇಂಗ್ಲಿಷ್. ಕನ್ನಡದಲ್ಲಾಗಿದ್ದರೆ ಮರೆತ ಮಾತಿನ ಜಾಗಕ್ಕೆ ಇನ್ನೊಂದು ಮಾತು ಹಾಕಿ ದಾಟಿಸಿಬಿಡುತ್ತಿದ್ದೆ. ಇಂಗ್ಲಿಷ್‌ನಲ್ಲಿ ನಿನ್ನ ಹತ್ತಿರ ಇದ್ದದ್ದು ಆ ಒಂದೇ ಸಾಲು. ಅದು ಹೋದ ಮೇಲೆ ಕೈ ಖಾಲಿ. ಮಾರ್ಕ್ಸ್ ಜಾಸ್ತಿ ಬರುವ ಹುಡುಗಿಯರೇ ಹೀಗೆ ಹೆಚ್ಚು ಬೀಳುವುದನ್ನು ನಾನು ನೋಡಿದ್ದೇನೆ. ಓದದೆ ಬಂದ ಹುಡುಗ ಏನೋ ಒಂದು ಹೇಳಿ, ಹಲ್ಲು ಕಿರಿದು ಹೋಗಿ ಕೂತುಬಿಡುತ್ತಾನೆ.

ಇನ್ನು ಹೆದರಿಕೆ. ಅದು ಇರುತ್ತದೆ. ಅರವತ್ತು ಜೋಡಿ ಕಣ್ಣು ಮೇಲೆ ಬಿದ್ದಾಗ ನಮ್ಮ ಮೈಗೆ ಅದು ಸೆಮಿನಾರ್ ಅಂತ ಗೊತ್ತಾಗೋದಿಲ್ಲ. ಹೊಲದಲ್ಲಿ ಹಾವು ಕಂಡರೆ ಏನು ಮಾಡುತ್ತದೋ ಅದನ್ನೇ ಮಾಡುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಓಡುವುದಕ್ಕೆ ಕಾಲಿಗೆ ರಕ್ತ ಬೇಕಲ್ಲ, ಅದಕ್ಕೆ ಎದೆ ಜೋರಾಗಿ ಬಡಿಯುತ್ತದೆ. ಹೊಟ್ಟೆ ಕಡೆ ಹೋಗುವ ರಕ್ತ ಕಡಿಮೆಯಾಗಿ ಹೊಟ್ಟೆ ತೊಳಸಿದಂತೆ ಅನ್ನಿಸುತ್ತದೆ. ಜೊಲ್ಲು ಕಡಿಮೆಯಾಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಅಂಗೈ ಬೆವರುತ್ತದೆ, ಸ್ನಾಯು ಬಿಗಿದು ಕೈ ನಡುಗುತ್ತದೆ. ನೀನು ಬರೆದ ಪಟ್ಟಿಯೂ ಇದೇ ಅಲ್ವಾ? ಇದು ರೋಗವಲ್ಲ. ಮೈ ತನ್ನ ಕೆಲಸ ಮಾಡುತ್ತಿದೆ, ಜಾಗ ಮಾತ್ರ ತಪ್ಪು.

ಈ ಅಬ್ಬರ ಸಾಮಾನ್ಯವಾಗಿ ಎದ್ದು ಹೋಗುವಾಗ ಮತ್ತು ಮೊದಲ ಒಂದೆರಡು ನಿಮಿಷ ಜೋರಾಗಿರುತ್ತದೆ. ಆಮೇಲೆ ತಾನೇ ಇಳಿಯುತ್ತದೆ. ನೀನು ನಾಲ್ಕನೇ ವಾಕ್ಯಕ್ಕೆ ಬಿಟ್ಟು ಬಂದೆ. ಅಂದರೆ ಇಳಿಯುವ ತನಕ ನಿಲ್ಲಲೇ ಇಲ್ಲ. ಹತ್ತು ನಿಮಿಷಕ್ಕೆ ತಯಾರಿ ಮಾಡಬೇಕು ಅಂತ ತಲೆ ಬಿಸಿ ಮಾಡಿಕೊಳ್ಳಬೇಡ. ಗಟ್ಟಿ ಮಾಡಿಕೊಳ್ಳಬೇಕಾದ್ದು ಮೊದಲ ಎರಡು ನಿಮಿಷ.

ಉಸಿರಿನ ವಿಷಯ ಎಲ್ಲರೂ ಹೇಳುತ್ತಾರೆ, ಅರ್ಧ ಮಾತ್ರ ಹೇಳುತ್ತಾರೆ. 'ಜೋರಾಗಿ ಉಸಿರು ತಗೋ' ಅನ್ನುತ್ತಾರೆ. ಜೋರಾಗಿ ಪದೇ ಪದೇ ಎಳೆದುಕೊಂಡರೆ ತಲೆ ಹಗುರಾಗಿ, ಬೆರಳು ಜುಮ್ ಅನ್ನುತ್ತದೆ, ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ. ಕೆಲಸ ಮಾಡುವುದು ಬಿಡುವ ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ತಗೋ, ಬಿಸಿ ಚಹಾ ಊದಿದ ಹಾಗೆ ಬಾಯಿಂದ ಎಂಟು ಎಣಿಸುತ್ತಾ ಬಿಡು. ಉದ್ದಕ್ಕೆ ಬಿಟ್ಟಾಗ ವೇಗಸ್ ಅನ್ನುವ ನರ ಎದೆಬಡಿತವನ್ನು ನಿಧಾನ ಮಾಡುತ್ತದೆ. ನಿನಗಿಂತ ಮೊದಲಿನವರು ಮಾತಾಡುತ್ತಿರುವಾಗ ಐದಾರು ಸಲ ಮಾಡು, ಪಕ್ಕದವರಿಗೂ ಗೊತ್ತಾಗೋದಿಲ್ಲ. ಚಹಾ ಅಂದ ಮೇಲೆ ನೆನಪಾಯಿತು. ಆವತ್ತು ಬೆಳಿಗ್ಗೆ ಒಂದೇ ಕಪ್ ಸಾಕು. ಎರಡನೇ ಕಪ್ಪಿನ ಕೆಫೀನ್, ಮೊದಲೇ ಓಡುತ್ತಿರುವ ಎದೆಯನ್ನು ಇನ್ನಷ್ಟು ಓಡಿಸುತ್ತದೆ.

'ಶಾಂತ ಆಗು, ಶಾಂತ ಆಗು' ಅಂತ ನಿನಗೆ ನೀನೇ ಹೇಳಿಕೊಳ್ಳಬೇಡ. ಬಡಿಯುತ್ತಿರುವ ಎದೆ ಆ ಮಾತು ಕೇಳೋದಿಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅನ್ನುವವರು 2014ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಭಾಷಣಕ್ಕೆ ಮುಂಚೆ 'ನಾನು ಶಾಂತವಾಗಿದ್ದೇನೆ' ಅಂದುಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಅಂದುಕೊಂಡವರು ಚೆನ್ನಾಗಿ ಮಾತಾಡಿದರು. ಹೆದರಿಕೆಗೂ ಹುರುಪಿಗೂ ಮೈಯೊಳಗೆ ಆಗುವುದು ಹೆಚ್ಚುಕಡಿಮೆ ಒಂದೇ. ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೂ ಎದೆ ಹೀಗೇ ಬಡಿಯುತ್ತದೆ, ಆಗ ನಾವು ಯಾರೂ ಗುಳಿಗೆ ಕೇಳೋದಿಲ್ಲ.

ನಿನ್ನ ನಡುಕ ಎಲ್ಲರಿಗೂ ಕಂಡಿತು ಅಂತ ನಿನಗೆ ಅನ್ನಿಸಿದೆ. ಅಷ್ಟು ಕಂಡಿರುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು ಒಂದು ತಮಾಷೆಯ ಪ್ರಯೋಗ ಮಾಡಿದ್ದರು, 2000ದಲ್ಲಿ ಪ್ರಕಟವಾಯಿತು. ಹಾಕಿಕೊಂಡರೆ ನಾಚಿಕೆ ಆಗುವಂಥ ಒಬ್ಬ ಗಾಯಕನ ಚಿತ್ರ ಇರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಯನ್ನು ಒಂದು ಕೋಣೆಗೆ ಕಳಿಸಿದರು. ಅರ್ಧ ಜನ ಆದರೂ ನೋಡಿರುತ್ತಾರೆ ಅಂತ ಹಾಕಿಕೊಂಡವರು ಅಂದಾಜು ಮಾಡಿದರು. ನಿಜಕ್ಕೂ ಅದು ಯಾರ ಚಿತ್ರ ಅಂತ ಗಮನಿಸಿದ್ದು ಹೆಚ್ಚುಕಡಿಮೆ ಕಾಲು ಭಾಗ ಜನ. 2003ರಲ್ಲಿ ಅದೇ ಗಿಲೋವಿಚ್ ಮತ್ತು ಸವಿಟ್ಸ್ಕಿ, ಭಾಷಣ ಮಾಡುವವರಿಗೆ 'ನಿಮ್ಮ ಒಳಗಿನ ಗಾಬರಿ ನೀವು ಅಂದುಕೊಂಡಷ್ಟು ಹೊರಗೆ ಕಾಣೋದಿಲ್ಲ' ಅಂತ ಮೊದಲೇ ಹೇಳಿ ನೋಡಿದರು. ಹಾಗೆ ಹೇಳಿಸಿಕೊಂಡವರ ಭಾಷಣವೇ ಚೆನ್ನಾಗಿ ಬಂತು. ಅದಕ್ಕೇ ನಿನಗೂ ಹೇಳುತ್ತಿದ್ದೇನೆ.

ನನ್ನ ಕಥೆ ಕೇಳಿದರೆ ನಿನಗೆ ಸ್ವಲ್ಪ ಧೈರ್ಯ ಬರಬಹುದು. 1998ರ ಏಪ್ರಿಲ್. ನಾನು ಎಂ.ಎಸ್ಸಿ. ಓದುತ್ತಿದ್ದೆ. ಆಗ ಪ್ರೊಜೆಕ್ಟರ್ ಇರಲಿಲ್ಲ, ಓಎಚ್‌ಪಿ ಇತ್ತು. ಪಾರದರ್ಶಕ ಹಾಳೆಯ ಮೇಲೆ ಮಾರ್ಕರ್‌ನಲ್ಲಿ ಬರೆದು, ದೀಪದ ಮೇಲೆ ಇಟ್ಟರೆ ಗೋಡೆ ಮೇಲೆ ಬೀಳುತ್ತಿತ್ತು. ನಮ್ಮ ಕಲಬುರಗಿಯ ಏಪ್ರಿಲ್ ನಿನಗೆ ಹೇಳಬೇಕಾಗಿಲ್ಲ. ಅಂಗೈ ಬೆವರು ತಾಗಿ ಮೊದಲ ಹಾಳೆಯ ಅಕ್ಷರ ಎಲ್ಲ ಕಲಸಿಹೋಯಿತು. ಒರೆಸಲು ಹೋದೆ, ಇನ್ನೂ ಹರಡಿತು. ಅಷ್ಟರಲ್ಲಿ ಫ್ಯಾನ್ ಗಾಳಿಗೆ ಉಳಿದ ಹಾಳೆಗಳು ಹಾರಿ ಮುಂದಿನ ಬೆಂಚಿನ ಮೇಲೆ ಬಿದ್ದವು. ಫ್ಯಾನ್ ಬಂದ್ ಮಾಡಿ ಅನ್ನಲು ಬಾಯಿ ಬರಲಿಲ್ಲ. ಅಂದಿದ್ದರೂ ಆ ಸೆಕೆಗೆ ಯಾರೂ ಮಾಡುತ್ತಿರಲಿಲ್ಲ ಬಿಡು. ಹಿಂದೆ ಕೂತಿದ್ದ ಒಬ್ಬ ಗುರುಗಳು, 'ನಿಂಗ ಮಾತಾಡೋ ಕೆಲಸ ಅಲ್ಲಪಾ, ಕ್ಲರ್ಕ್ ಪರೀಕ್ಷಿ ಬರಿ' ಅಂದರು. ಅವರು ಹೇಳಿದ ಹಾಗೆ ಪರೀಕ್ಷೆನೂ ಬರೆದೆ, ಪಾಸಾಗಲಿಲ್ಲ. ಮಾತಾಡೋ ಕೆಲಸವೇ ಗತಿ ಆಯಿತು.

ಈಗ ನಿನ್ನ 18 ದಿನಕ್ಕೆ ಬರೋಣ. ಮೊದಲ ಐದು ದಿನ ಇಂಗ್ಲಿಷ್‌ನಲ್ಲಿ ಒಂದು ಸಾಲೂ ಬರೆಯಬೇಡ. ಸ್ಲೈಡ್ ಮುಟ್ಟಬೇಡ. ಪುಸ್ತಕ ಓದು, ನೋಟ್ಸ್ ಓದು, ಓದಿ ಮುಚ್ಚಿಡು. ಆಮೇಲೆ ಅವ್ವನಿಗೆ ಫೋನ್ ಹಚ್ಚು. ನೆಟೆ ರೋಗ ಅಂದರೆ ಏನು ಅಂತ ನಿಮ್ಮ ಮನೆ ಮಾತಿನಲ್ಲೇ ಹೇಳು. ಹೀಗೆ ಬರಬಹುದು: 'ಯವ್ವ, ಹೊಲದಾಗ ಹಸಿ ಇರ್ತದ, ಆದ್ರೂ ತೊಗರಿ ಒಣಗ್ತದಲ್ಲ, ಯಾಕ ಗೊತ್ತದ ಏನು? ಮಣ್ಣಾಗ ಒಂದ್ ಬೂಷ್ಟು ಇರ್ತದ. ಅದು ಬೇರಿನ್ಯಾಗಿಂದ ಒಳಗ ಹೊಕ್ಕು, ನೀರ್ ಮ್ಯಾಲೆ ಏರೋ ಕೊಳವಿ ಕಟ್ಟಿಬಿಡ್ತದ. ಕೆಳಗ ನೀರ್ ಅದ, ಮ್ಯಾಲೆ ಗಿಡ ನೀರಡಿಸಿ ಸಾಯ್ತದ.'

ಅವ್ವ ಸುಮ್ನೆ ಕೇಳೋದಿಲ್ಲ ನೋಡು. 'ಬೂಷ್ಟು ಅಂದ್ರ ರೊಟ್ಟಿ ಮ್ಯಾಲೆ ಬರ್ತದಲ್ಲ, ಅದಾ?' ಅಂತಾಳೆ. ಅದೂ ಬೂಷ್ಟೇ, ಆದರೆ ಬೇರೆ ಬಗೆಯದು ಅಂತ ಬಿಡಿಸಿ ಹೇಳಬೇಕಾಗುತ್ತದೆ. 'ಮತ್ತ ಜ್ವಾಳ ಹಾಕಿದ ವರ್ಷ ಯಾಕ ಕಡಿಮಿ ಆಗ್ತದ?' ಅಂತ ಕೇಳುತ್ತಾಳೆ. ಆಗ ನೀನು ಪುಸ್ತಕಕ್ಕೆ ಓಡುತ್ತೀಯ. ಆ ಬೂಷ್ಟು ಮುಖ್ಯವಾಗಿ ತೊಗರಿಯನ್ನೇ ನೆಚ್ಚಿಕೊಂಡದ್ದು, ಹೊಲದಲ್ಲಿ ಉಳಿದ ತೊಗರಿ ಕೂಳೆಯಲ್ಲಿ ವರ್ಷಗಟ್ಟಲೆ ಬದುಕುತ್ತದೆ, ನಡುವೆ ಜೋಳ ಬಂದರೆ ಅದಕ್ಕೆ ಆಸರೆ ತಪ್ಪುತ್ತದೆ ಅಂತ ಗೊತ್ತಾಗುತ್ತದೆ. ಇದೇ ಪ್ರಶ್ನೆಯನ್ನು ನಿಮ್ಮ ಮೇಡಂ ಕೂಡ ಕೇಳುತ್ತಾರೆ, ಇಂಗ್ಲಿಷ್‌ನಲ್ಲಿ ಕೇಳುತ್ತಾರೆ ಅಷ್ಟೆ. ಅವ್ವನಷ್ಟು ಒಳ್ಳೆ ಪರೀಕ್ಷಕಿ ನಿನಗೆ ಹಾಸ್ಟೆಲ್‌ನಲ್ಲಿ ಸಿಗೋದಿಲ್ಲ.

ಹೀಗೆ ಪುಸ್ತಕ ಮುಚ್ಚಿ ಹೇಳುವುದಕ್ಕೆ ಇನ್ನೊಂದು ಲಾಭ ಇದೆ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದ್ದು ಇದು. ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಜಾಸ್ತಿ ನೆನಪಿತ್ತು. ಒಂದು ವಾರದ ನಂತರ ನೋಡಿದರೆ, ಓದಿ ಮುಚ್ಚಿಟ್ಟು ನೆನಪು ಮಾಡಿಕೊಂಡವರೇ ಮುಂದಿದ್ದರು. ರಾತ್ರಿಯೆಲ್ಲ ಓದಿ 'ಎಲ್ಲ ಬಂತು' ಅನ್ನಿಸುವುದು ಆ ಐದು ನಿಮಿಷದ ಮೋಸ.

ನಮ್ಮ ಕಡೆ ಮಕ್ಕಳಿಗೆ ಇನ್ನೊಂದು ಅಳುಕು ಇದೆ. ನಮ್ಮ ಮಾತು ಒರಟು, ನಾಲ್ಕು ಜನರ ಮುಂದೆ ಆಡುವಂಥದ್ದಲ್ಲ ಅಂತ. ಇಂಗ್ಲಿಷ್ ಬರೋದಿಲ್ಲ ಅನ್ನುವ ಹೆದರಿಕೆ ಒಂದು, ಕನ್ನಡ ಆಡಿದರೂ ಬೆಂಗಳೂರಿನ ಕನ್ನಡ ಅಲ್ಲ ಅನ್ನುವ ನಾಚಿಕೆ ಇನ್ನೊಂದು. ನನಗೆ ಇದು ಕೇಳಿದರೆ ಸಿಟ್ಟು ಬರುತ್ತದೆ. ಕಲಬುರಗಿ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಹಚ್ಚಿ ಕೇಳು. ರೈತರು ಬಿತ್ತನೆ, ಕೀಟ, ಗೊಬ್ಬರ ಎಲ್ಲ 'ಅದ', 'ಹೋಗ್ಯಾದ' ಅನ್ನುತ್ತಲೇ ಅಚ್ಚುಕಟ್ಟಾಗಿ ಹೇಳುತ್ತಾರೆ. ಅವರ ಕೈಯಲ್ಲಿ ಚೀಟಿ ಇರುತ್ತದೆ ಅಂದುಕೊಂಡೆಯಾ? ಗೊತ್ತಿರುವುದನ್ನು ಹೇಳುತ್ತಾರೆ, ಅದಕ್ಕೇ ತಡವರಿಸೋದಿಲ್ಲ. ನೀನೂ ಮೊದಲು ಗೊತ್ತು ಮಾಡಿಕೋ, ನಿನ್ನ ಮಾತಿನಲ್ಲೇ. ಆಮೇಲೆ ಇಂಗ್ಲಿಷ್ ಅದರ ಮೇಲೆ ಕೂರುತ್ತದೆ. ಕೆಳಗೆ ಏನೂ ಇಲ್ಲದೆ ಇಂಗ್ಲಿಷ್ ಕೂರಿಸಿದ್ದಕ್ಕೇ ಹೋದ ಸಲ ಜಾರಿತು.

ಸೆಮಿನಾರ್ ಪೂರ್ತಿ ಇಂಗ್ಲಿಷ್‌ನಲ್ಲೇ ಆಗಬೇಕಾ, ನಡುವೆ ಕನ್ನಡ ಬೆರೆಸಬಹುದಾ ಅಂತ ಮೇಡಂಗೆ ನೇರ ಕೇಳು. ಬಹಳಷ್ಟು ಮೇಷ್ಟ್ರುಗಳು ಪಾಠವನ್ನೇ ಬೆರೆಸಿ ಮಾಡುತ್ತಾರೆ, ಬೇಡ ಅನ್ನಲಿಕ್ಕಿಲ್ಲ. ಬೇಡ ಅಂದರೂ ನಷ್ಟ ಇಲ್ಲ. ಸಣ್ಣ ಸಣ್ಣ ವಾಕ್ಯ ಮಾಡಿಕೋ. ಆರು ಪುಟದ ಉದ್ದುದ್ದ ಇಂಗ್ಲಿಷ್ ನಿನ್ನದಾಗಿರಲಿಲ್ಲ, ಯಾವುದೋ ಪುಸ್ತಕದ್ದು. ಅದು ಕೇಳುವವರಿಗೂ ಗೊತ್ತಾಗುತ್ತದೆ.

ಮೊದಲ ಎರಡು ನಿಮಿಷ ಗಟ್ಟಿ ಮಾಡಿಕೋ ಅಂದೆನಲ್ಲ, ಅದು ಹೇಗೆ ಅಂತ ತೋರಿಸುತ್ತೇನೆ. ನಿಮ್ಮ ಮನೆ ಹಿತ್ತಲಲ್ಲಿ ತೊಗರಿ ಕಟ್ಟಿಗೆ ಒಟ್ಟಿರುತ್ತಾರೆ ಅಲ್ವಾ? ಅದರಲ್ಲಿ ನೆಟೆ ಬಿದ್ದು ಒಣಗಿದ ಗಿಡದ ಬುಡ ಒಂದು, ಚೆನ್ನಾಗಿ ಕಾಯಿ ಬಿಟ್ಟ ಗಿಡದ ಬುಡ ಒಂದು ಅಪ್ಪನಿಗೆ ಆರಿಸಿಕೊಡು ಅನ್ನು. ಅಪ್ಪನಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಎರಡನ್ನೂ ಉದ್ದಕ್ಕೆ ಸೀಳಿಸು. ಚೆನ್ನಾಗಿರುವುದು ಒಳಗೆ ಬೆಳ್ಳಗಿರುತ್ತದೆ. ನೆಟೆಯದ್ದರಲ್ಲಿ ತೊಗಟೆ ಕೆಳಗೆ ಕಂದು, ಕಪ್ಪು ಗೆರೆಗಳು ಉದ್ದಕ್ಕೆ ಏರಿರುತ್ತವೆ. ಬೂಷ್ಟು ಏರಿದ ದಾರಿ ಅದು.

ಸೆಮಿನಾರ್ ದಿನ ಎದ್ದು ಹೋಗು. 'ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಟೀಚರ್ಸ್ ಅಂಡ್ ಮೈ ಡಿಯರ್ ಫ್ರೆಂಡ್ಸ್' ಅನ್ನುವುದು ಬೇಕಿದ್ದರೆ ಹೇಳು, ನನಗೇನೂ ಅದರ ಮೇಲೆ ಪ್ರೀತಿ ಇಲ್ಲ. ಆಮೇಲೆ ಮಾತಾಡಬೇಡ. ಸೀಳಿದ ಕಟ್ಟಿಗೆ ಎತ್ತಿ ಹಿಡಿ. ಮುಂದಿನ ಬೆಂಚಿನವರ ಕೈಗೆ ಕೊಟ್ಟು ನೋಡಿ ಹಿಂದೆ ದಾಟಿಸಿ ಅನ್ನು. ಕಣ್ಣೆಲ್ಲ ಕಟ್ಟಿಗೆ ಮೇಲೆ ಹೋಗುತ್ತವೆ. ನಿನ್ನ ಮೇಲಿನ ಭಾರ ಇಳಿಯಿತು. ನಡುಗುವ ಕೈಗೆ ಒಂದು ಕೆಲಸವೂ ಸಿಕ್ಕಿತು. ಈಗ ಹೇಳು: 'ದಿಸ್ ಪ್ಲಾಂಟ್ ಹ್ಯಾಡ್ ವಾಟರ್. ಸ್ಟಿಲ್, ಇಟ್ ಡೈಡ್ ಆಫ್ ಥರ್ಸ್ಟ್.' ಅಷ್ಟೇ. ಹತ್ತು ಪದ ಇಲ್ಲ. ಹೇಳಿ ಒಂದು ಕ್ಷಣ ನಿಲ್ಲು. ಹಿಂದಿನ ಬೆಂಚೂ ತಲೆ ಎತ್ತುತ್ತದೆ, ಯಾಕಂದರೆ ಆ ಹುಡುಗರಲ್ಲೂ ಅರ್ಧ ಜನರ ಮನೆಯಲ್ಲಿ ತೊಗರಿ ಇರುತ್ತದೆ. 2022ರ ಕೊನೆಗೆ ಕಲಬುರಗಿ ಜಿಲ್ಲೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನೆಟೆ ಬಿದ್ದು ಹೊಲಕ್ಕೆ ಹೊಲ ಒಣಗಿದ್ದು ಅವರಿಗೂ ನೆನಪಿರುತ್ತದೆ. ಈ ಮೂರು ನಾಲ್ಕು ವಾಕ್ಯ ಮಾತ್ರ ಬಾಯಿಪಾಠ ಮಾಡಿಕೋ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಕೊನೆಯ ಒಂದು ವಾಕ್ಯವನ್ನೂ ಹಾಗೇ ಗಟ್ಟಿ ಮಾಡಿಕೋ, ಇಲ್ಲದಿದ್ದರೆ ಮುಗಿಸುವುದು ಹೇಗೆ ಅಂತ ಗೊತ್ತಾಗದೆ 'ದಟ್ಸ್ ಆಲ್' ಅಂತ ಓಡಿಬರುತ್ತೀಯ.

ನಡುವಿನದಕ್ಕೆ ಒಂದು ಚೀಟಿ. ತೆಳ್ಳಗಿನ ಹಾಳೆ ಬೇಡ. ಕೈ ಸ್ವಲ್ಪ ನಡುಗಿದರೂ ಹಾಳೆ ಪಟಪಟ ಅಂತ ಊರಿಗೆಲ್ಲ ಸಾರುತ್ತದೆ. ಹಳೆ ಲಗ್ನಪತ್ರಿಕೆ ಒಂದನ್ನು ಅಂಗೈಯಷ್ಟು ಕತ್ತರಿಸಿ, ಖಾಲಿ ಬದಿಯಲ್ಲಿ ದಪ್ಪಕ್ಷರದಲ್ಲಿ ಐದೇ ಪದ ಬರೆದುಕೋ: ಕಟ್ಟಿಗೆ, ಕೊಳವೆ, ಫ್ಯುಸೇರಿಯಂ, ಮಾರುತಿ, ಜೋಳ. ಒಂದೊಂದು ಪದಕ್ಕೆ ಎರಡು ನಿಮಿಷ. ಕೊಳವೆ ಅಂದರೆ ಝೈಲಂ, ಅದು ಹೇಗೆ ಕಟ್ಟಿಕೊಳ್ಳುತ್ತದೆ, ಎಲೆ ಯಾಕೆ ಹಳದಿಯಾಗಿ ಜೋತು ಬೀಳುತ್ತದೆ, ಕಾಂಡದ ಬುಡದಿಂದ ನೇರಳೆ ಪಟ್ಟಿ ಹೇಗೆ ಏರುತ್ತದೆ. ಫ್ಯುಸೇರಿಯಂ ಉಡಂ ಅಂದರೆ ಆ ಬೂಷ್ಟಿನ ಹೆಸರು. ಮಾರುತಿ ಅಂದರೆ ಐಸಿಪಿ 8863, ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಿಂದ ಬಂದ ನೆಟೆ ತಡೆಯುವ ತಳಿ. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆ ಆಯಿತು. ಆಮೇಲೆ ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ್ದೇ ಟಿಎಸ್-3ಆರ್ ಅನ್ನುವ ತಳಿ ಬಂತು, ಅಪ್ಪನನ್ನು ಕೇಳಿದರೆ ಅದರ ಕಥೆ ಹೇಳುತ್ತಾನೆ. ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ, ರೋಗದ ಬೂಷ್ಟನ್ನು ತಡೆಯುವ ಇನ್ನೊಂದು ಬೂಷ್ಟು ಲೇಪಿಸಿ ಬಿತ್ತುವುದು, ಜೋಳದ ಜೊತೆ ಬೆಳೆಯುವುದು, ಪೈರು ಬದಲಿಸುವುದು ಎಲ್ಲ 'ಜೋಳ'ದಲ್ಲಿ ಹೇಳಿಬಿಡು. ಒಂದು ಪದ ಮರೆತರೂ ಉಳಿದ ನಾಲ್ಕು ಎಲ್ಲೂ ಹೋಗೋದಿಲ್ಲ. ಇಲ್ಲಿ ಕೊಂಡಿ ಇಲ್ಲ ನೋಡು, ಬಿಡಿ ಬಿಡಿ ಕಲ್ಲು ಇಟ್ಟು ಹಳ್ಳ ದಾಟಿದ ಹಾಗೆ.

ಸ್ಲೈಡ್ ಬಗ್ಗೆ ಜಾಸ್ತಿ ಬರೆಯೋದಿಲ್ಲ. ನಾಲ್ಕೈದು ಸಾಕು, ಚಿತ್ರ ಇರಲಿ, ಅಕ್ಷರ ಕಡಿಮೆ ಇರಲಿ. ಸ್ಲೈಡ್ ತುಂಬ ಬರೆದರೆ ನೀನು ಗೋಡೆ ಕಡೆ ತಿರುಗಿ ಓದಲು ಶುರು ಮಾಡುತ್ತೀಯ. ಕರೆಂಟ್ ಹೋದರೂ ನಡೆಯಬೇಕು, ಝೈಲಂ ಚಿತ್ರ ಚಾಕ್‌ನಲ್ಲಿ ಬರೆಯುವುದು ರೂಢಿ ಮಾಡಿಕೋ. ಬೋರ್ಡ್ ಮೇಲೆ ಬರೆಯುವಾಗ ಸಿಗುವ ಹತ್ತು ಸೆಕೆಂಡ್ ಉಸಿರು ಬಿಡಲಿಕ್ಕೂ ಆಗುತ್ತದೆ.

ಆರನೇ ದಿನದಿಂದ ನಿಂತುಕೊಂಡು, ಗಟ್ಟಿಯಾಗಿ ಹೇಳು. ಮಂಚದ ಮೇಲೆ ಕೂತು ಮನಸ್ಸಿನಲ್ಲಿ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ. ಮೊದಲು ರೂಮಿನಲ್ಲಿ ಒಬ್ಬಳೇ. ಆಮೇಲೆ ಬಿ.ಎ. ಓದುವ ರೂಮ್‌ಮೇಟ್ ಮುಂದೆ, ಅವಳಿಗೆ ಬಾಟನಿ ಗೊತ್ತಿರಬಾರದು. ಎರಡು ದಿನ ಬಿಟ್ಟು ಮೂರು ನಾಲ್ಕು ಜನ. ಒಂದು ಸಲ ಮೊಬೈಲ್‌ನಲ್ಲಿ ಧ್ವನಿ ಮಾತ್ರ ರೆಕಾರ್ಡ್ ಮಾಡಿ ಕೇಳು, ವಿಡಿಯೋ ಬೇಡ. ವಿಡಿಯೋ ಮಾಡಿದರೆ ಮುಖ, ಕೂದಲು, ದುಪಟ್ಟಾ ನೋಡುತ್ತಾ ಕೂರುತ್ತೀಯ. ನಿನ್ನ ಧ್ವನಿ ನಿನಗೇ ವಿಚಿತ್ರ ಅನ್ನಿಸುತ್ತದೆ, ಎಲ್ಲರಿಗೂ ಹಾಗೇ. ವೇಗ ಮಾತ್ರ ಗಮನಿಸು. ಹೆದರಿದಾಗ ಎಲ್ಲರೂ ಓಡಿಸುತ್ತಾರೆ, ಹತ್ತು ನಿಮಿಷದ್ದು ಆರಕ್ಕೆ ಮುಗಿಯುತ್ತದೆ. ಕೊನೆಗೆ, ಹಿಂದಿನ ದಿನ ಸಂಜೆ ಕಾಲೇಜು ಬಿಟ್ಟ ಮೇಲೆ ಅದೇ ಕ್ಲಾಸಿನಲ್ಲಿ, ಅದೇ ಜಾಗದಲ್ಲಿ ನಿಂತು ಖಾಲಿ ಬೆಂಚುಗಳಿಗೆ ಒಂದು ಸಲ ಹೇಳು. ಗೆಳತಿಯನ್ನು ಕೊನೆ ಬೆಂಚಿನಲ್ಲಿ ಕೂರಿಸು, ಕೇಳದಿದ್ದರೆ ಕೈ ಎತ್ತಲಿ. ಪ್ರತಿ ಸಲವೂ ಎದೆ ಬಡಿಯುತ್ತದೆ, ಪ್ರತಿ ಸಲವೂ ಸ್ವಲ್ಪ ಬೇಗ ಇಳಿಯುತ್ತದೆ. ಹೆದರಿಕೆಗೆ ನನಗೆ ಗೊತ್ತಿರುವ ಔಷಧಿ ಇದೇ. ದೂರ ಇದ್ದಷ್ಟೂ ಅದು ಬೆಳೆಯುತ್ತದೆ. ಹಾಗಾಗಿ 'ನನ್ನ ಪಾಳಿ ಕೊನೆಗೆ ಹಾಕಿ' ಅಂತ ಮಾತ್ರ ಬೇಡಿಕೊಳ್ಳಬೇಡ. ಸಾಧ್ಯವಾದರೆ ಮೊದಲನೆಯವಳಾಗಿ ಹೋಗು. ಕಾಯುತ್ತಾ ಕೂರುವ ಒಂದು ಗಂಟೆಯೇ ಮಾತಾಡುವ ಹತ್ತು ನಿಮಿಷಕ್ಕಿಂತ ಕಷ್ಟ.

ಮತ್ತೆ ಮರೆತರೆ? ಮರೆಯುತ್ತೀಯ, ನಾನೂ ಮರೆಯು‌ತ್ತೇನೆ. ಆಗ 'ಸಾರಿ, ಸಾರಿ' ಅನ್ನಬೇಡ. ಬಾಟಲಿ ತೆಗೆದು ಒಂದು ಗುಟುಕು ನೀರು ಕುಡಿ. ಚೀಟಿ ನೋಡು. ಯಾರೂ ಬೇಡ ಅನ್ನೋದಿಲ್ಲ. ಮುಂದಿನ ಪದಕ್ಕೆ ಹೋಗಿಬಿಡು. ನೀನು ಏನು ಬಿಟ್ಟೆ ಅಂತ ಕೂತವರಿಗೆ ಗೊತ್ತಿಲ್ಲ, ಅವರ ಹತ್ತಿರ ನಿನ್ನ ಆರು ಪುಟ ಇಲ್ಲ. ನಿನಗೆ ಒಂದು ಯುಗ ಅನ್ನಿಸುವ ಮೌನ ಅವರಿಗೆ ಮೂರು ಸೆಕೆಂಡ್. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ 'ಐ ಡೋಂಟ್ ನೋ ಮೇಡಂ, ಐ ವಿಲ್ ಫೈಂಡ್ ಔಟ್' ಅನ್ನು, ಮರುದಿನ ನಿಜಕ್ಕೂ ಹುಡುಕಿ ಹೇಳು. ಗೊತ್ತಿಲ್ಲ ಅಂದದ್ದಕ್ಕೆ ನಾನು ಯಾವತ್ತೂ ಮಾರ್ಕ್ಸ್ ಕತ್ತರಿಸಿಲ್ಲ. ಸುಳ್ಳು ಹೊಸೆದದ್ದಕ್ಕೆ ಕತ್ತರಿಸಿದ್ದೇನೆ.

ನಕ್ಕವರ ಬಗ್ಗೆ ಒಂದು ಮಾತು. ಹಿಂದಿನ ಬೆಂಚಿನಲ್ಲಿ ನಗುವವರಲ್ಲಿ ಬಹಳ ಜನ ತಮ್ಮ ಪಾಳಿ ನೆನೆಸಿಕೊಂಡು ನಗುತ್ತಿರುತ್ತಾರೆ. ಕೆಲವರು ನಿಜಕ್ಕೂ ಕೆಟ್ಟವರೂ ಇರುತ್ತಾರೆ, ಇಲ್ಲ ಅನ್ನೋದಿಲ್ಲ. ಅವರ ಕಡೆ ನೋಡುತ್ತಾ ಮಾತಾಡಬೇಕಾಗಿಲ್ಲ. ತಲೆ ಆಡಿಸುತ್ತಾ ಕೇಳುವ ಎರಡು ಮುಖ ಪ್ರತಿ ಕ್ಲಾಸಿನಲ್ಲೂ ಇರುತ್ತವೆ. ಎಡಕ್ಕೊಂದು, ಬಲಕ್ಕೊಂದು ಹಿಡಿದಿಟ್ಟುಕೋ. ಅವರಿಗೇ ಹೇಳು.

ಇಷ್ಟೆಲ್ಲ ಮಾಡಿದ ಮೇಲೂ ನಿದ್ದೆ ಬಾರದೆ ಇದ್ದರೆ, ಸೆಮಿನಾರ್ ಇದೆ ಅಂತ ಕಾಲೇಜಿಗೇ ಹೋಗದೆ ಉಳಿಯುವಂತಾದರೆ, ಅಂಗಡಿಯಲ್ಲಿ, ಮೆಸ್‌ನಲ್ಲಿ ನಾಲ್ಕು ಜನರ ಮುಂದೆ ಬಾಯಿ ತೆರೆಯಲೂ ಇದೇ ಗಾಬರಿ ಆಗುತ್ತಿದ್ದರೆ ಅದು ನನ್ನಂಥ ಮೇಷ್ಟ್ರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಹೆಚ್ಚಿನದು ಮಾತಿನಿಂದಲೇ ಮಾಡುವಂಥದ್ದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಹಚ್ಚಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಗುಳಿಗೆ ಬೇಕಾ ಬೇಡವಾ ಅನ್ನೋದನ್ನು ಅವರೇ ಹೇಳಲಿ.

ಟೀಚರ್ ಆಗಬಹುದಾ ಅಂತ ಕೇಳಿದ್ದೀಯ. ಪ್ರತಿ ವರ್ಷ ಹೊಸ ಬ್ಯಾಚಿನ ಮೊದಲ ಕ್ಲಾಸಿಗೆ ಹೋಗುವಾಗ ಈಗಲೂ ನನ್ನ ಬಾಯಿ ಒಣಗುತ್ತದೆ. ಹಾಜರಿ ಪುಸ್ತಕ ನಿಧಾನಕ್ಕೆ ಓದುತ್ತೇನೆ. ಮಕ್ಕಳು ಸರ್ ಬಹಳ ಶಿಸ್ತು ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ನನ್ನ ಎರಡು ನಿಮಿಷ ಕಳೆದಿರುತ್ತದೆ.

ಈ ಶನಿವಾರ ಊರಿಗೆ ಹೋಗಿ ಬಾ. ಕಟ್ಟಿಗೆಯನ್ನು ಅಪ್ಪನ ಕೈಯಿಂದಲೇ ಸೀಳಿಸು, ಹಾಸ್ಟೆಲ್‌ನಲ್ಲಿ ಕೊಡಲಿ ಹಿಡಿಯೋದು ಬೇಡ. ಒಣ ತೊಗರಿ ಕಟ್ಟಿಗೆಯ ಸಿಬಿರು ಬಲು ಚೂಪು, ಬಸ್ಸಿನಲ್ಲಿ ಪಕ್ಕದವರಿಗೆ ಚುಚ್ಚದ ಹಾಗೆ ಪೇಪರ್ ಸುತ್ತಿ ತಾ. ಯಾವುದು ನೆಟೆಯದ್ದು ಅಂತ ಗುರುತಿಗೆ ಒಂದಕ್ಕೆ ಕೆಂಪು ದಾರ ಕಟ್ಟಿಕೋ.